ಯಾವಾಗಲೂ ಅದೇ ಕೋನು

ಕೋನು ಬಿತ್ತು.

“ಮೇಡಂ,” ಅಂದ ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ. “ಕೋನು ಬಿತ್ತು.”

“ಕಾಣ್ತಿದೆ ರೀ,” ಅಂದಳು ಅಮ್ಮ ಸ್ಟೀರಿಂಗ್ ಹಿಡಿದುಕೊಂಡೇ.

“ಕಾರೊಳಗೆ ‘ರೀ’ ಇಲ್ಲ. ‘ಸಾರ್’ ಅನ್ನಬೇಕು.”

“ಕಾಣ್ತಿದೆ ಸಾರ್.”

ಹಿಂದಿನ ಸೀಟಿನಲ್ಲಿ ಭಾಗಾಕಾರ ಮಾಡುತ್ತಿದ್ದ ಕಡ್ಡಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೆಳಗಿಳಿದಳು. ಬಿದ್ದ ಕೋನನ್ನು ಎತ್ತಿ, ಧೂಳು ಕೊಡವಿ, ಇದ್ದ ಜಾಗದಲ್ಲೇ ನಿಲ್ಲಿಸಿದಳು. ಮತ್ತೆ ಬಂದು ಕೂತಳು. ಭಾಗಾಕಾರದಲ್ಲಿ ಎಲ್ಲಿದ್ದೆ ಅಂತ ಹುಡುಕಿದಳು. ಸಿಗಲಿಲ್ಲ. ಮೊದಲಿಂದ ಶುರು ಮಾಡಿದಳು.

ಕಡ್ಡಿ ಅನ್ನುವುದು ಅವಳ ನಿಜವಾದ ಹೆಸರಲ್ಲ. ಹುಟ್ಟಿದಾಗ ತೆಳ್ಳಗಿದ್ದಳು ಅಂತ ಮಾವ ಇಟ್ಟ ಹೆಸರು. ಈಗ ಉದ್ದ ಬೆಳೆದಿದ್ದಾಳೆ. ಅಗಲ ಮಾತ್ರ ಬೆಳೆಯುವುದನ್ನು ಮರೆತುಬಿಟ್ಟಿದೆ.

ಅಪ್ಪನದು ಡ್ರೈವಿಂಗ್ ಸ್ಕೂಲು. ಸ್ಕೂಲು ಅಂದರೆ ಒಂದು ಪುಟ್ಟ ಕಾರು, ಆರು ಕೋನು, ಒಬ್ಬ ಮೇಷ್ಟ್ರು. ಬಾಗಿಲು ಮುಚ್ಚಿದ ಗೋಡೌನಿನ ಹಿಂದಿನ ಖಾಲಿ ಜಾಗವೇ ಅವರ ಮೈದಾನ. ಶಾಲೆ ಬಿಡುವ ಹೊತ್ತಿಗೆ ಮನೆಗೆ ಬೀಗ ಬಿದ್ದಿರುತ್ತಿತ್ತು. ಹಾಗಾಗಿ ಕಡ್ಡಿಯ ಹೋಂವರ್ಕ್ ಎಲ್ಲ ಹಿಂದಿನ ಸೀಟಿನಲ್ಲೇ. ಕಲಿಯುವವರು ಕ್ಲಚ್ಚನ್ನು ದಿಢೀರನೆ ಬಿಟ್ಟಾಗಲೆಲ್ಲ ಅವಳ ಅಕ್ಷರಗಳು ಗೆರೆ ದಾಟಿ ಓಡುತ್ತಿದ್ದವು. “ಇದೇನು ಕೋಳಿ ಕೆದಕಿದ ಹಾಗೆ?” ಅಂತ ಟೀಚರ್ ಕೇಳಿದರೆ, “ಬ್ಯಾಂಕ್ ಅಂಕಲ್ ಫಸ್ಟ್ ಗೇರಲ್ಲಿದ್ರು ಮಿಸ್” ಅನ್ನುತ್ತಿದ್ದಳು.

ಅಪ್ಪನ ಪಾಠಕ್ಕೆ ಸೂತ್ರಗಳಿದ್ದವು. ಹಿಂದಿನ ಕಿಟಕಿಯ ಮೇಲೆ ಒಂದು ಕೆಂಪು ಸ್ಟಿಕ್ಕರ್ ಅಂಟಿಸಿದ್ದ. “ಕೋನು ಸ್ಟಿಕ್ಕರಿಗೆ ಬಂತೋ, ನಿಲ್ಲಿಸಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ. ಮೆಲ್ಲಗೆ ಹಿಂದೆ ಬನ್ನಿ.” ಇಷ್ಟು ಮಾಡಿದರೆ ಕಾರು ತಾನಾಗಿ ಕೋನುಗಳ ನಡುವೆ ಬಂದು ಕೂರುತ್ತಿತ್ತು. ಹೊರಡುವುದಕ್ಕೂ ಸೂತ್ರವಿತ್ತು. “ಕ್ಲಚ್ಚು ಅರ್ಧ ಬಿಡಿ, ಆಕ್ಸಿಲರೇಟರ್ ಕಾಸಿನ ದಪ್ಪ ಒತ್ತಿ.” ಯಾರಾದರೂ ಯಾಕೆ ಸಾರ್ ಅಂತ ಕೇಳಿದರೆ ಅಪ್ಪನ ಉತ್ತರ ಯಾವಾಗಲೂ ಒಂದೇ. “ಯೋಚನೆ ಮಾಡಬೇಡಿ. ಹೇಳಿದಷ್ಟು ಮಾಡಿ.”

ಎಷ್ಟೋ ಜನ ಯೋಚನೆ ಮಾಡದೆ ಪಾಸಾಗಿದ್ದರು.

ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ ಆಸ್ಪತ್ರೆಯಲ್ಲಿ ಹೊಸದಾಗಿ ಶುರುವಾಗಿತ್ತು. ಆಸ್ಪತ್ರೆಯವರೇ ಕಾರು ಕೊಡುತ್ತಾರೆ, ಓಡಿಸಿಕೊಂಡು ಹೋಗಬೇಕಾದವರು ನರ್ಸು. ಆ ಕೆಲಸ ಸಿಕ್ಕಿದರೆ ಅಮ್ಮನಿಗೆ ರಾತ್ರಿ ಪಾಳಿ ಇಲ್ಲ. ಕಡ್ಡಿ ಮಲಗುವಾಗ ಅಮ್ಮ ಮನೆಯಲ್ಲಿರುತ್ತಾಳೆ. ಅಪ್ಪ ಮಾಡುವ ಗಟ್ಟಿ ಅನ್ನವನ್ನು ದಿನಾ ತಿನ್ನಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಲೈಸೆನ್ಸ್ ಒಂದೇ. ಟೆಸ್ಟ್ ಬರುವ ಸೋಮವಾರ, ಇದೇ ಕಾರಿನಲ್ಲಿ.

ಮೊದಲೆಲ್ಲ ಅಮ್ಮ ಚೆನ್ನಾಗಿಯೇ ಓಡಿಸುತ್ತಿದ್ದಳು. “ನನ್ನ ಕ್ಲಾಸಲ್ಲಿ ನೀವೇ ಫಸ್ಟು ಮೇಡಂ” ಅಂತ ಸ್ವತಃ ಅಪ್ಪನೇ ಹೇಳಿದ್ದ. ಆಮೇಲೆ ಕಾರಿಗೆ ದೊಡ್ಡ ವೀಲುಗಳು ಬಂದವು.

ತಂದವನು ಮಾವ, ಅಮ್ಮನ ತಮ್ಮ. ಅವನಿಗೆ ವೀಲು ಟೈರಿನ ಅಂಗಡಿಯಲ್ಲಿ ಕೆಲಸ. ಒಂದು ಭಾನುವಾರ ಬೆಳಿಗ್ಗೆ ನಾಲ್ಕು ಅಲಾಯ್ ವೀಲುಗಳನ್ನು ಮನೆ ಮುಂದೆ ಉರುಳಿಸಿಕೊಂಡು ಬಂದ. ಕಪ್ಪು ಬಣ್ಣ, ಅಂಚಿಗೆ ಕೆಂಪು ಗೆರೆ, ನಡುವೆ ನಕ್ಷತ್ರದ ಆಕಾರ. ಯಾರೋ ದೊಡ್ಡ ಕಾರಿನವರು ಬಿಚ್ಚಿಸಿ ಬಿಟ್ಟುಹೋಗಿದ್ದರಂತೆ.

“ಭಾವ, ಇದನ್ನು ಹಾಕಿದರೆ ಸ್ಕೂಲಿನ ಲುಕ್ಕೇ ಬದಲಾಗತ್ತೆ,” ಅಂದ. “ಸಣ್ಣ ಚಕ್ರ ಒಂದು ಸುತ್ತಿಗೆ ಎಷ್ಟು ದೂರ ಹೋಗತ್ತೋ, ಇದು ಅದಕ್ಕಿಂತ ಜಾಸ್ತಿ ಹೋಗತ್ತೆ. ಲಾಭ ತಾನೆ?”

“ಇರೋದು ಚೆನ್ನಾಗೇ ಓಡ್ತಿದೆಯಲ್ಲೋ,” ಅಂದಳು ಅಮ್ಮ.

“ಅಕ್ಕಾ, ಓಡೋದು ಬೇರೆ, ಕಾಣೋದು ಬೇರೆ.”

ಅಪ್ಪನಿಗೆ ಯಾವ ಕಡೆ ವಾಲಬೇಕೋ ತಿಳಿಯಲಿಲ್ಲ. “ಓಟು ಹಾಕೋಣ,” ಅಂದ. ಮಾವ ಕೈ ಎತ್ತಿದ. “ಇವನಿಗೆ ಈ ಮನೇಲಿ ಓಟೆಲ್ಲಿದೆ?” ಅಂತ ಅಮ್ಮ ಕೇಳುವಷ್ಟರಲ್ಲಿ ಕಡ್ಡಿಯೂ ಕೈ ಎತ್ತಿದ್ದಳು. ಎರಡೂ ಕೈ ಎತ್ತಿದ್ದಳು.

ಹೊಸ ವೀಲು ಹಾಕಿದ ಮೇಲೆ ಕಾರು ಅಮ್ಮನ ಚಪ್ಪಲಿ ಹಾಕಿಕೊಂಡ ಪುಟ್ಟ ಮಗುವಿನ ಹಾಗೆ ಕಾಣುತ್ತಿತ್ತು. ಕಡ್ಡಿಗೆ ಮಾತ್ರ ಅದು ರೇಸ್ ಕಾರಿನ ಹಾಗೆ ಕಂಡಿತು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗೆಲ್ಲೋ ತಾಗಿ ಗರ್‍ ಅನ್ನುತ್ತಿತ್ತು. ಮಾವ ಕಾರಿನ ಕೆಳಗೆ ನುಗ್ಗಿ ಎರಡು ದಪ್ಪ ವಾಷರ್ ಹಾಕಿ ಎದ್ದುಬಂದ. “ಇನ್ನು ತಾಗಲ್ಲ. ಸ್ಟೀರಿಂಗ್ ಒಂಚೂರು ಕಮ್ಮಿ ತಿರುಗತ್ತೆ, ಅಷ್ಟೇ,” ಅಂದ. ಆ ‘ಅಷ್ಟೇ’ಯ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕಡ್ಡಿಯ ತರಗತಿಯಲ್ಲಿ ಸುದ್ದಿ ಬೆಂಕಿಯಂತೆ ಹಬ್ಬಿತು. ಹಬ್ಬಿಸಿದವಳು ಕಡ್ಡಿಯೇ. ಅಲ್ಲಿಯವರೆಗೆ ಯಾರೂ ಅವಳ ಪಕ್ಕದ ಜಾಗಕ್ಕಾಗಿ ಜಗಳ ಆಡಿದ್ದಿಲ್ಲ. ಈಗ ಊಟದ ಬಿಡುವಿನಲ್ಲಿ ಮೂವರು ಆಡಿದರು. ಕ್ರೀಡಾದಿನದಂದು ಕಾರಿನಲ್ಲೇ ಶಾಲೆಗೆ ಬಂದು ಎಲ್ಲರಿಗೂ ತೋರಿಸುತ್ತೇನೆ ಅಂತ ಅವಳು ಮಾತು ಕೊಟ್ಟುಬಿಟ್ಟಳು.

ಇತ್ತ ಮೈದಾನದಲ್ಲಿ ಕೋನುಗಳು ಬೀಳತೊಡಗಿದವು. ಅಮ್ಮ ಕ್ಲಚ್ಚು ಅರ್ಧ ಬಿಟ್ಟು ಕಾಸಿನ ದಪ್ಪ ಆಕ್ಸಿಲರೇಟರ್ ಒತ್ತಿದರೆ ಕಾರು ಒಮ್ಮೆ ನಡುಗಿ ಸುಮ್ಮನಾಗುತ್ತಿತ್ತು. ಸ್ಟಿಕ್ಕರಿಗೆ ಸರಿಯಾಗಿ ನಿಲ್ಲಿಸಿ ತಿರುಗಿಸಿದರೂ ಕೋನು ಬೀಳುತ್ತಿತ್ತು.

“ವೀಲು ಹಾಕಿದ ಮೇಲೆ ಕಾರು ಯಾಕೋ ಭಾರ ಆಗಿದೆ ಅನ್ಸತ್ತೆ,” ಅಂತ ಅಮ್ಮ ಒಂದು ಸಲ ಹೇಳಿದಳು.

ಮಾವ ನಕ್ಕುಬಿಟ್ಟ. “ಅಕ್ಕಾ, ಓಟಲ್ಲಿ ಸೋತ ಸಿಟ್ಟನ್ನು ವೀಲಿನ ಮೇಲೆ ತೀರಿಸ್ಕೋಬೇಡ.”

“ನಿನಗೆ ಮೊದಲಿಂದಲೂ ಅದು ಇಷ್ಟ ಇರಲಿಲ್ಲವಲ್ಲ, ಅದಕ್ಕೇ ಹಾಗನ್ಸತ್ತೆ,” ಅಂದ ಅಪ್ಪ. “ನಾನು ದಿನಾ ಮನೆಗೆ ಓಡಿಸ್ಕೊಂಡು ಬರ್ತೀನಿ. ನನಗೇನೂ ಆಗಲ್ವಲ್ಲ?”

ಆಮೇಲೆ ಅಮ್ಮ ಆ ಮಾತು ಎತ್ತಲಿಲ್ಲ.

* * *

ಶುಕ್ರವಾರ ಸೋಡಾ ಹೊಸ ಸೈಕಲ್ ತಂದಿದ್ದ. ಕಡ್ಡಿಯ ತರಗತಿಯವನು. ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ, ಅದಕ್ಕೇ ಆ ಹೆಸರು. ಸೈಕಲ್ ಅವನಿಗಿಂತ ಎತ್ತರವಿತ್ತು.

“ನಿಮ್ಮ ಕಾರಿಗೆ ಮಾತ್ರಾನಾ ದೊಡ್ಡ ಚಕ್ರ?” ಅಂದ. “ಹತ್ತು ನೋಡೋಣ.”

ಕಡ್ಡಿ ಹತ್ತಿದಳು. ಶಾಲೆಯ ಗೇಟಿನ ಹತ್ತಿರ ಸ್ವಲ್ಪ ಏರು. ಅವಳ ಸಣ್ಣ ಸೈಕಲ್ ಆ ಏರಿನಲ್ಲಿ ನಿಂತಲ್ಲಿಂದಲೇ ಹೊರಡುತ್ತಿತ್ತು. ಇದು ಹೊರಡಲಿಲ್ಲ. ಪೆಡಲಿನ ಮೇಲೆ ಎದ್ದು ನಿಂತು ಮೈಯೆಲ್ಲ ಭಾರ ಹಾಕಿದಳು. ಮೈಯಲ್ಲಿ ಭಾರವೇ ಇರಲಿಲ್ಲ. ಸೈಕಲ್ ಕ್ಷಣಕಾಲ ಯೋಚಿಸಿ, ಅವಳನ್ನು ಪಕ್ಕದ ಹೂವಿನ ಕುಂಡದಲ್ಲಿ ಇಳಿಸಿತು.

“ಒಂದು ಸುತ್ತಿಗೆ ಜಾಸ್ತಿ ದೂರ ಹೋಗತ್ತೆ,” ಅಂದ ಸೋಡಾ, ಸೈಕಲ್ಲಿಗೆ ಏನಾದರೂ ಆಗಿದೆಯೇ ಅಂತ ನೋಡುತ್ತಾ. “ಅದಕ್ಕೇ ಒಂದು ಸುತ್ತು ತಿರುಗ್ಸೋಕೆ ಕಷ್ಟ. ನಮ್ಮಣ್ಣ ಹೇಳಿದ.”

ಕಡ್ಡಿ ಕೂದಲಿನಿಂದ ಮಣ್ಣು ತೆಗೆಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಒಂದು ಸುತ್ತಿಗೆ ಜಾಸ್ತಿ ದೂರ. ಮಾವನೂ ಇದೇ ಮಾತು ಹೇಳಿದ್ದ. ಅವನು ಅರ್ಧ ಮಾತ್ರ ಹೇಳಿದ್ದ.

ಆ ಸಂಜೆ ಮೈದಾನದಲ್ಲಿ ಬ್ಯಾಂಕ್ ಅಂಕಲ್‌ಗೆ ಪಾಠ. ಹೊರಡುವಾಗ ಅವರ ಕೈಯಲ್ಲೂ ಕಾರು ನಡುಗಿ ನಿಂತಿತು. ಹಿಂದೆ ಬರುವಾಗ ಕೋನು ಬಿತ್ತು. ಕಡ್ಡಿ ಎತ್ತಲು ಇಳಿದಳು. ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಇದು ಆಚೆ ತುದಿಯ ಕೋನು. ಅಮ್ಮ ಬೀಳಿಸುವುದೂ ಇದನ್ನೇ. ಮೊದಲೆಲ್ಲ ಒಬ್ಬೊಬ್ಬರು ಒಂದೊಂದು ಕೋನು ಬೀಳಿಸುತ್ತಿದ್ದರು. ಕೆಲವರು ಕೋನನ್ನು ಬಿಟ್ಟು ಗೋಡೌನಿನ ಗೋಡೆಯನ್ನೇ ಗುದ್ದಿದ್ದೂ ಇತ್ತು. ಈಗ ಯಾರೇ ಕೂತರೂ ಬೀಳುವುದು ಇದೊಂದೇ. ಇದರ ಕಿತ್ತಳೆ ಬಣ್ಣ ಉಳಿದ ಐದಕ್ಕಿಂತ ಹೆಚ್ಚು ಸವೆದುಹೋಗಿತ್ತು.

ಅವಳು ನೆಲ ನೋಡಿದಳು. ಹಿಂದಿನ ತಿಂಗಳು ಮಳೆ ಬಂದಾಗ ಇಲ್ಲೆಲ್ಲ ಕೆಸರಾಗಿತ್ತು. ಆಗಿನ್ನೂ ಸಣ್ಣ ಚಕ್ರಗಳೇ ಇದ್ದವು. ಆ ದಿನ ಅಮ್ಮ ಕೆಸರಿನಲ್ಲೇ ಕಾರು ತಿರುಗಿಸಿ ಒಂದೇ ಸಲಕ್ಕೆ ಕೋನುಗಳ ನಡುವೆ ನಿಲ್ಲಿಸಿದ್ದಳು. ಕೆಸರು ಒಣಗಿ ಕಲ್ಲಾಗಿತ್ತು. ಆ ಟೈರಿನ ಗುರುತು ಅಚ್ಚು ಹಾಕಿದ ಹಾಗೆ ಇನ್ನೂ ಉಳಿದಿತ್ತು. ಈಗ ಧೂಳಿನ ಮೇಲೆ ಬ್ಯಾಂಕ್ ಅಂಕಲ್ ಅವರ ಹೊಸ ಗುರುತು ಮೂಡಿತ್ತು. ಎರಡೂ ಒಂದೇ ಕಡೆ ಶುರುವಾಗಿದ್ದವು. ಹಳೆಯದು ಬೇಗ ಬಾಗಿ ಒಳಗೆ ಬಂದಿತ್ತು. ಹೊಸದು ನಿಧಾನಕ್ಕೆ ಬಾಗಿ, ಅಗಲವಾಗಿ ಸುತ್ತಿ, ನೇರವಾಗಿ ಆಚೆ ತುದಿಯ ಕೋನಿನ ಮೈಮೇಲೆ ಹೋಗಿತ್ತು.

“ಕಡ್ಡಿ, ಕೋನಿನ ಜೊತೆ ಮಾತಾಡ್ತಿದ್ದೀಯಾ?” ಅಪ್ಪ ಕೂಗಿದ.

“ಇಲ್ಲ ಸಾರ್,” ಅಂದಳು ಕಡ್ಡಿ.

ಆ ದಿನ ಅವಳು ಏನೂ ಹೇಳಲಿಲ್ಲ. ಹೇಳಿದರೆ ವೀಲು ಹೋಗುತ್ತದೆ. ಕ್ರೀಡಾದಿನಕ್ಕೆ ಏನು ತೋರಿಸುವುದು? ಪಕ್ಕದ ಜಾಗಕ್ಕೆ ಜಗಳ ಆಡುವ ಮೂವರಿಗೆ ಏನು ಹೇಳುವುದು? ಸೋಮವಾರ ಟೆಸ್ಟ್ ಹೇಗೋ ಆಗಿಬಿಡಬಹುದು. ಅಮ್ಮ ಜಾಣೆ. ಅವಳೇ ಸರಿ ಮಾಡಿಕೊಳ್ಳಬಹುದು. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನ ಮಾತ್ರ ಆಗಲಿಲ್ಲ.

ಶನಿವಾರ ಊಟಕ್ಕೆ ಕೂತಾಗ ಅಮ್ಮ ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು. “ಆಸ್ಪತ್ರೆಯಲ್ಲಿ ಬೇಡ ಅಂತ ಹೇಳಿಬಿಡ್ತೀನಿ. ಟೆಸ್ಟಿಗೂ ಹೋಗಲ್ಲ.”

“ಯಾಕೆ?” ಅಂದ ಅಪ್ಪ.

“ದಿನದಿಂದ ದಿನಕ್ಕೆ ಕೆಡ್ತಾ ಇದೀನಿ. ಕೆಲವರಿಗೆ ಬರಲ್ಲ, ಅಷ್ಟೇ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು.”

ಕಡ್ಡಿ ಅಮ್ಮನ ಕೈ ನೋಡಿದಳು. ಅಳುವ ಮಗುವಿಗೆ ಗೊತ್ತೇ ಆಗದ ಹಾಗೆ ಇಂಜೆಕ್ಷನ್ ಕೊಡುವ ಕೈ ಅದು. ಇಡೀ ಬೀದಿಯ ಮಕ್ಕಳು ಅದನ್ನು ಒಪ್ಪುತ್ತಿದ್ದರು. ಇಂಜೆಕ್ಷನ್ ವಿಷಯದಲ್ಲಿ ಮಕ್ಕಳು ಸುಲಭವಾಗಿ ಯಾರನ್ನೂ ಒಪ್ಪುವುದಿಲ್ಲ.

“ಅಪ್ಪಾ,” ಅಂದಳು. ನೀರು ಕುಡಿದಳು. “ಅಮ್ಮಂದಲ್ಲ ತಪ್ಪು. ವೀಲಿಂದು.”

ಅಪ್ಪ, ಅಮ್ಮ ಇಬ್ಬರೂ ಅವಳನ್ನು ನೋಡಿದರು.

“ಆ ವೀಲಿಗೆ ಎರಡೂ ಕೈ ಎತ್ತಿದವಳು ನೀನೇ ಅಲ್ವಾ?” ಅಂದ ಅಪ್ಪ.

“ಹೌದು.”

“ಈಗ ಬೇಡ ಅಂತೀಯಾ?”

“ಬೇಕು,” ಅಂದಳು ಕಡ್ಡಿ. “ಕಾರಿಗೆ ಬೇಡ.”

ಅಪ್ಪ ಬಾಯಿಗೆ ಒಯ್ದಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಅಮ್ಮ ಇದೇ ಮಾತು ಹೇಳಿದ್ದರೆ ಮತ್ತೆ ತಳ್ಳಿಹಾಕುತ್ತಿದ್ದನೇನೋ. ಆದರೆ ಇದು ಬೇರೆ ಪಕ್ಷದಿಂದ ಬಂದ ಮಾತು.

* * *

ಭಾನುವಾರ ಬೆಳಿಗ್ಗೆ ಮೂವರೂ ಮೈದಾನಕ್ಕೆ ಹೋದರು. ಅಮ್ಮ ಗೋಡೌನಿನ ಗೋಡೆಗೆ ಒರಗಿ, ಕೈ ಕಟ್ಟಿ ನಿಂತಳು. ಅಪ್ಪ ಸ್ಟೀರಿಂಗ್ ಹಿಂದೆ ಕೂತ. ಕಡ್ಡಿ ಮೇಷ್ಟ್ರ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು.

“ಈಗ ನಾನು ಹೇಳ್ತೀನಿ, ನೀನು ಮಾಡು,” ಅಂದಳು.

“ಸರಿ ಕಣೇ.”

“ಕಾರೊಳಗೆ ‘ಕಣೇ’ ಇಲ್ಲ.”

ಅಪ್ಪ ಗಂಟಲು ಸರಿಮಾಡಿಕೊಂಡ. “ಸರಿ ಮೇಡಂ.”

“ಕ್ಲಚ್ಚು ಅರ್ಧ ಬಿಡಿ. ಆಕ್ಸಿಲರೇಟರ್ ಕಾಸಿನ ದಪ್ಪ.”

ಕಾರು ಹೊರಟಿತು.

“ಕಾಸಿನ ದಪ್ಪ ಅಂದೆ ಸಾರ್. ನೀವು ಜಾಸ್ತಿ ಒತ್ತಿದ್ರಿ.”

“ಇಲ್ವಲ್ಲ.”

“ಒತ್ತಿದ್ರಿ. ಕಾಲು ನೋಡ್ಕೊಳ್ಳಿ.”

ಅಪ್ಪ ತನ್ನ ಕಾಲು ನೋಡಿಕೊಂಡ. ಇಷ್ಟು ವರ್ಷ ಕಾರು ಓಡಿಸಿದ ಕಾಲು ಅದು. ಕಾರು ಭಾರವಾದ ದಿನದಿಂದಲೂ ಯಾರನ್ನೂ ಕೇಳದೆ ತನ್ನಷ್ಟಕ್ಕೆ ಹೆಚ್ಚು ಒತ್ತುತ್ತಾ ಬಂದಿತ್ತು. ಅಪ್ಪನಿಗೂ ಹೇಳಿರಲಿಲ್ಲ.

ಅಪ್ಪ ಮತ್ತೆ ಹೊರಡಿಸಿದ. ಈ ಸಲ ಸರಿಯಾಗಿ ಕಾಸಿನ ದಪ್ಪ. ಕಾರು ಒಮ್ಮೆ ನಡುಗಿ ನಿಂತುಹೋಯಿತು.

ಗೋಡೆಯ ಹತ್ತಿರ ಅಮ್ಮ ಕಟ್ಟಿದ್ದ ಕೈ ಬಿಚ್ಚಿದಳು.

“ಪರವಾಗಿಲ್ಲ ಸಾರ್, ಹೊಸದರಲ್ಲಿ ಎಲ್ಲರಿಗೂ ಆಗತ್ತೆ,” ಅಂದಳು ಕಡ್ಡಿ. ಅಪ್ಪ ಎಲ್ಲರಿಗೂ ಹೇಳುವ ಮಾತು. “ಈಗ ಹಿಂದೆ ಬರೋದು. ಕೋನು ಸ್ಟಿಕ್ಕರಿಗೆ ಬಂತೋ, ನಿಲ್ಲಿಸಿ. ಪೂರ್ತಿ ತಿರುಗಿಸಿ. ಮೆಲ್ಲಗೆ ಬನ್ನಿ. ಮಧ್ಯದಲ್ಲಿ ಸರಿ ಮಾಡ್ಕೋಬಾರದು.”

“ಆದ್ರೆ ಇಲ್ಲಿ ಸ್ವಲ್ಪ…”

“ಯೋಚನೆ ಮಾಡಬೇಡಿ ಸಾರ್. ಹೇಳಿದಷ್ಟು ಮಾಡಿ.”

ಅಪ್ಪ ಹೇಳಿದಷ್ಟು ಮಾಡಿದ. ಕೋನು ಬಿತ್ತು.

ಇಳಿದು, ತಾನೇ ಎತ್ತಿ ನಿಲ್ಲಿಸಿ, ಇನ್ನೊಂದು ಸಲ ಮಾಡಿದ. ಮತ್ತೆ ಅದೇ ಕೋನು. ಅಪ್ಪ ಹೋಗಿ ಅದರ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತ. ಕೋನು ಮಲಗಿಕೊಂಡೇ ಇತ್ತು. ಕಡ್ಡಿ ಒಣಗಿದ ಕೆಸರಿನ ಹಳೆಯ ಗುರುತನ್ನೂ ಧೂಳಿನ ಹೊಸ ಗುರುತನ್ನೂ ಬೆರಳು ಮಾಡಿ ತೋರಿಸಿದಳು. “ಇದು ಅಮ್ಮಂದು. ಇದು ನಿಂದು.”

ಅಪ್ಪ ಕುಕ್ಕರಗಾಲಲ್ಲಿ ಕೂತು ಎರಡು ಗುರುತುಗಳ ನಡುವಿನ ಅಂತರಕ್ಕೆ ಗೇಣು ಹಾಕಿದ. ಒಂದು ಗೇಣು ಸಾಲಲಿಲ್ಲ. “ಆ ವಾಷರ್,” ಅಂತ ತನ್ನಷ್ಟಕ್ಕೆ ಅಂದುಕೊಂಡ. ಎದ್ದು, ಪ್ಯಾಂಟಿನ ಧೂಳು ಕೊಡವಿ, ಗೋಡೆಯ ಕಡೆ ನಡೆದ.

“ಮೇಡಂ,” ಅಂದ. ಕಾರಿನ ಹೊರಗೆ ಅವನು ಅಮ್ಮನನ್ನು ಹಾಗೆ ಕರೆದದ್ದು ಅದೇ ಮೊದಲು.

“ನಾನು ಒಂದ್ಸಲ ಹೇಳಿದ್ದೆ,” ಅಂದಳು ಅಮ್ಮ.

“ಹೇಳಿದ್ದೆ,” ಅಂತ ಅಪ್ಪ ಒಪ್ಪಿಕೊಂಡ. “ನಾನೇ ಕೇಳಿಸ್ಕೊಳ್ಳಲಿಲ್ಲ.”

ಮಧ್ಯಾಹ್ನ ಮಾವ ಜಾಕ್ ಹಿಡಿದು ಬಂದ. ಮುಖ ಊದಿಸಿಕೊಂಡೇ ಒಂದೊಂದಾಗಿ ವೀಲು ಬಿಚ್ಚಿದ. “ಲುಕ್ ಹೋಯ್ತು. ಎಲ್ಲಾ ಹೋಯ್ತು,” ಅಂತ ಕಾರಿನ ಅಡಿಯಿಂದಲೂ ಗೊಣಗಿದ್ದು ಕೇಳಿಸುತ್ತಿತ್ತು. ವಾಷರ್ ತೆಗೆದು, ಹಳೆಯ ಸಣ್ಣ ಚಕ್ರಗಳನ್ನು ಹಾಕಿದ. ಕಾರು ಕೆಳಗಿಳಿದು ತನ್ನ ಮೊದಲಿನ ಎತ್ತರಕ್ಕೆ ಬಂತು. ನಕ್ಷತ್ರದ ವೀಲುಗಳು ಒಂದರ ಮೇಲೊಂದು ಪೇರಿಸಿಕೊಂಡು ಆಟೋದಲ್ಲಿ ಹೋದವು. ಆಟೋ ತಿರುವು ದಾಟುವವರೆಗೂ ಕಡ್ಡಿ ನೋಡುತ್ತಾ ನಿಂತಳು. ನಾಳೆ ತರಗತಿಯಲ್ಲಿ ಏನು ಹೇಳುವುದು ಅಂತ ಯೋಚಿಸಿದಳು. ಉತ್ತರ ಹೊಳೆಯಲಿಲ್ಲ. ಹೊಳೆಯದಿದ್ದರೂ ನಾಳೆ ಬರುತ್ತದೆ.

ಸಂಜೆ ಬಿಸಿಲು ಇಳಿದ ಮೇಲೆ ಅಮ್ಮ ಸ್ಟೀರಿಂಗ್ ಹಿಂದೆ ಕೂತಳು. ಕ್ಲಚ್ಚು ಅರ್ಧ, ಕಾಸಿನ ದಪ್ಪ. ಕಾರು ಬೆಣ್ಣೆಯಲ್ಲಿ ಜಾರಿದ ಹಾಗೆ ಹೊರಟಿತು. ಕೋನು ಸ್ಟಿಕ್ಕರಿಗೆ ಬಂತು. ನಿಲ್ಲಿಸಿದಳು, ತಿರುಗಿಸಿದಳು, ಹಿಂದೆ ಬಂದಳು. ಆಚೆ ತುದಿಯ ಕೋನು ನಿಂತಲ್ಲೇ ನಿಂತಿತ್ತು. ಅಪ್ಪ ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಈಚೆ ಕಡೆಯಿಂದ ಟಪ್ ಅಂತ ಸದ್ದಾಯಿತು.

ಯಾವತ್ತೂ ಬೀಳದ, ಹತ್ತಿರದ ಕೋನು ಬಿದ್ದಿತ್ತು.

ಅಪ್ಪ ಹಣೆಗೆ ಕೈ ಹಚ್ಚಿದ. ಅಮ್ಮ ಮಾತ್ರ ಕಿಟಕಿಯಿಂದ ಕತ್ತು ಚಾಚಿ ಆ ಕೋನನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಅರಳಿತು.

“ಇದು ನಂದು!” ಅಂದಳು. “ರೀ, ಇದು ನಂದೇ ತಪ್ಪು! ಸ್ಟಿಕ್ಕರಿಗೆ ಬರೋ ಮೊದಲೇ ನಿಲ್ಲಿಸ್ಬಿಟ್ಟೆ, ಒಂಚೂರು ಅವಸರ ಮಾಡಿದೆ.”

ಅಪ್ಪ ‘ರೀ’ಯನ್ನು ತಿದ್ದಲಿಲ್ಲ.

ಕಡ್ಡಿ ಎಂದಿನಂತೆ ಬಾಗಿಲಿಗೆ ಕೈ ಹಾಕಿದಳು. “ನೀನು ಕೂತ್ಕೋ,” ಅಂದಳು ಅಮ್ಮ. ತಾನೇ ಇಳಿದು, ಕೋನನ್ನು ಎತ್ತಿ ನಿಲ್ಲಿಸಿ, ಅದರ ತಲೆಯನ್ನು ಒಂದು ಸಲ ಸವರಿದಳು. ವಾಪಸು ಬರುವಾಗ ಏನೋ ಗುನುಗುತ್ತಿದ್ದಳು.

ತಪ್ಪು ಮಾಡಿ ಇಷ್ಟು ಖುಷಿಪಟ್ಟವರನ್ನು ಕಡ್ಡಿ ಈವರೆಗೆ ನೋಡಿರಲಿಲ್ಲ. ಯಾಕೆ ಅಂತ ಕೇಳಬೇಕು ಅನ್ನಿಸಿತು. ಆದರೆ ಅಮ್ಮ ಆಗಲೇ ಕಾರನ್ನು ಮುಂದಕ್ಕೆ ತಂದು ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿದ್ದಳು. ಕಣ್ಣು ಸ್ಟಿಕ್ಕರಿನ ಮೇಲಿತ್ತು, ಅವಸರ ಇರಲಿಲ್ಲ. ಕಡ್ಡಿಗೆ ಕೇಳುವ ಅಗತ್ಯ ಕಾಣಲಿಲ್ಲ. ಅಮ್ಮನಿಗೆ ಅಡ್ಡ ಬಾರದಿರಲಿ ಅಂತ ಸೀಟಿನಲ್ಲಿ ಒಂದಿಷ್ಟು ಕೆಳಗೆ ಜಾರಿ ಕೂತಳು.